ಪಿನ್ನು ಹೊಡೆದ ಎರಡು ಪುಟ

ನನ್ನ ಚಾ ಆರಿಹೋಗುತ್ತಿದೆ ಎಂಬುದನ್ನು ಮನೆಯಲ್ಲಿ ಮೊದಲು ಗಮನಿಸಿದವಳು ನನ್ನ ಹೆಂಡತಿ ಸುಭದ್ರಾ. ಬಸಿಗೆ ಹೊಯ್ದುಕೊಂಡು, ಹೊಗೆಯಾಡುತ್ತಿರುವಾಗಲೇ ಸುರ್ರೆಂದು ಎಳೆದು, ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ ಎಂಬಂತೆ ಎದ್ದುಬಿಡುವ ಗಂಡಸು ನಾನು. ಅಂಥವನು ಈಗ ಮುಂಜಾನೆ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕೂತರೆ ಚಾದ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ನೊಣ ಕೂತರೂ ಖಬರಿಲ್ಲ. ದೇಶದಲ್ಲಿ ಅಂಥ ಸುದ್ದಿ ಏನು ಹುಟ್ಟಿತು ಎಂದು ಆಕೆ ಒಂದು ದಿನ ಬಂದು ಪತ್ರಿಕೆಯ ತುದಿ ಹಿಡಿದು ಕೆಳಗೆ ಬಗ್ಗಿಸಿದಳು. ಒಳಗೊಂದು ಪುಸ್ತಕವಿತ್ತು. ಪುಸ್ತಕದ ಮೇಲೆ ಎರಡು ಜಡೆಯ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಒಬ್ಬ ಹುಡುಗಿ ನಗುತ್ತಿದ್ದಳು.

ಓದಾಕತ್ತೀನಿ ಎಂದೆ, ಕೇಳದಿದ್ದರೂ.

"ಅದು ಕಾಣಸ್ತದ. ಯಾರ ಮಗಳು ಆಕಿ?" ಎಂದಳು.

ಓದುವ ಗೆಳೆಯರೇ, ಆಕೆಗೆ ಆ ದಿನ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಹತ್ತನೆಯ ಇಯತ್ತೆ ಮುಗಿಸಿದವನೇ ಬಸ್ಸಿನ ಕಂಡಕ್ಟರನಾಗಿ, ಸೇಡಮ್ಮಿನ ಸುತ್ತಿನ ಹಾದಿಗಳಲ್ಲಿ, ಒಮ್ಮೆ ಕುರಕುಂಟಾ, ಒಮ್ಮೆ ಚಿತ್ತಾಪುರ, ಬಹಳ ವರ್ಷ ಚಿಂಚೋಳಿ, ಹೀಗೆ ಆಯುಷ್ಯದ ದೊಡ್ಡ ಪಾಲನ್ನು ನಿಂತೇ ಕಳೆದವನು ನಾನು. ರಿಟೈರಾಗಿ ಕೂತ ಮೇಲೆ ಹತ್ತಿದ ಚಟ ಇದು. ಹದಿನಾಲ್ಕು ಹದಿನೈದರ ಹುಡುಗಿಯರ ಕಥೆ ಹೇಳುವ ಈಗಿನ ಕಾದಂಬರಿಗಳೆಂದರೆ ನನಗೆ ಪ್ರಾಣ. ನನ್ನ ಓರಗೆಯವರು ಸಂಜೆ ಗುಡಿಯಲ್ಲಿ ದಾಸರ ಪದ ಹಾಡುತ್ತಾರೆ. ನಾನೂ ಹೋಗಿ ತಾಳ ಹಾಕುತ್ತೇನೆ, ಆದರೆ ತಾಳ ತಪ್ಪುತ್ತದೆ, ಏಕೆಂದರೆ ಮನಸ್ಸು ಯಾವುದೋ ಕಾದಂಬರಿಯ ಹುಡುಗಿ ತನ್ನ ಜೀವದ ಗೆಳತಿಯೊಡನೆ ಮಾತು ಬಿಟ್ಟದ್ದು ಸರಿಯೋ ತಪ್ಪೋ ಎಂಬಲ್ಲಿ ಸಿಕ್ಕಿಕೊಂಡಿರುತ್ತದೆ. ಗುಡಿಯ ಆಚಾರ್ಯರು ಇದನ್ನು ವೈರಾಗ್ಯದ ಲಕ್ಷಣವೆಂದು ತಿಳಿದು ನನ್ನನ್ನು ತುಸು ಗೌರವದಿಂದ ನೋಡತೊಡಗಿದ್ದಾರೆ. ಅದೂ ಒಂದು ಪಾಪ ನನ್ನ ತಲೆಯ ಮೇಲೆಯೇ ಇದೆ.

ಇದೆಲ್ಲ ಶುರುವಾದದ್ದು ಮೊಮ್ಮಗಳು ಪಲ್ಲವಿಯಿಂದ. ಒಂಬತ್ತನೆಯ ಇಯತ್ತೆಯ ಹುಡುಗಿ. ನಮ್ಮ ಓಣಿಯ ತುದಿಯಲ್ಲೊಂದು ಸಣ್ಣ ಗ್ರಂಥಾಲಯವಿದೆ; ಅದನ್ನು ನೋಡಿಕೊಳ್ಳುವ ಫರ್ಜಾನಾ ಮೇಡಂ ಅಲ್ಲಿನ ಒಂದು ಕಪಾಟನ್ನು ಖಾಲಿ ಮಾಡಿಸಿ, ಕನ್ನಡದ್ದೂ ಕನ್ನಡಕ್ಕೆ ಬಂದದ್ದೂ ಸೇರಿಸಿ, ಹುಡುಗಿಯರಿಗೆಂದೇ ಇಂಥ ಪುಸ್ತಕ ತುಂಬಿಸಿದ್ದಾರೆ. ರವಿವಾರ ಹುಡುಗಿಯರು ಅಲ್ಲಿ ಪರಸಿ ಕಲ್ಲಿನ ನೆಲದ ಮೇಲೆ ದುಂಡಗೆ ಕೂತು ಓದಿದ್ದರ ಬಗ್ಗೆ ಜಗಳಾಡುತ್ತಾರೆ. ಪಲ್ಲವಿ ತಂದಿಟ್ಟ ಪುಸ್ತಕವೊಂದನ್ನು ಒಂದು ಮಧ್ಯಾಹ್ನ, ನಿದ್ದೆ ಬರಿಸಿಕೊಳ್ಳಲೆಂದು ತೆರೆದೆ. ನಿದ್ದೆ ಅಂದು ಬರಲಿಲ್ಲ. ಆಮೇಲೆ ಆಕೆ ಓದಿ ಮುಗಿಸಿದ್ದನ್ನು ಮಾತಿಲ್ಲದೆ ನನ್ನ ಕುರ್ಚಿಯ ಮೇಲೆ ಇಡುವುದು, ನಾನು ಮಾತಿಲ್ಲದೆ ಅದನ್ನು ಪತ್ರಿಕೆಯಲ್ಲಿ ಸುತ್ತುವುದು ನಮ್ಮಿಬ್ಬರ ಒಪ್ಪಂದವಾಯಿತು.

ಏನಿದೆ ಅವುಗಳಲ್ಲಿ ಎಂದು ಕೇಳುತ್ತೀರಿ. ಮೊದಲನೆಯದಾಗಿ ಅಕ್ಷರ ದಪ್ಪ, ಅಧ್ಯಾಯ ಸಣ್ಣದು. ಮುದುಕನ ಕಣ್ಣಿಗೂ ಮೂತ್ರಕೋಶಕ್ಕೂ ಎರಡಕ್ಕೂ ಅನುಕೂಲ. ಆಮೇಲೆ, ನಮ್ಮ ಕಾಲದಲ್ಲಿ ನಾನು ಕದ್ದು ಓದಿದ ಕಾದಂಬರಿಗಳಲ್ಲಿ ಹುಡುಗಿ ಎಂದರೆ ಕಿಟಕಿಯಲ್ಲಿ ಕಂಡವಳು; ಈ ಪುಸ್ತಕಗಳಲ್ಲಿ ಹುಡುಗಿ ಕಿಟಕಿಯಿಂದ ನೋಡುವವಳು. ಆಕೆ ನೋಡುವುದೂ ಎಷ್ಟು! ಅವ್ವನ ಕೈಬಳೆ ಸಪ್ಪಳದಲ್ಲೇ ಅವ್ವನ ಸಿಟ್ಟಿನ ಅಳತೆ ಹಿಡಿಯುತ್ತಾಳೆ, ಗೆಳತಿ ಡಬ್ಬಿ ತೆರೆಯುವ ರೀತಿಯಲ್ಲೇ ಆಕೆಯ ಮನೆಯಲ್ಲಿ ಜಗಳವಾಗಿದೆ ಎಂದು ತಿಳಿಯುತ್ತಾಳೆ, ಕೂದಲು ಕತ್ತರಿಸಿಕೊಂಡದ್ದಕ್ಕೆ ಮೂರು ಅಧ್ಯಾಯ ಅಳುತ್ತಾಳೆ, ನಾಲ್ಕನೆಯದರಲ್ಲಿ ಹಸಿವಾಗಿ ಭಜಿ ತಿನ್ನುತ್ತಾಳೆ. ಸಣ್ಣ ದುಃಖಕ್ಕೆ ದೊಡ್ಡದಾಗಿ ಅಳಬಾರದು ಎಂದು ನಮಗೆ ಕಲಿಸಿದ್ದರು. ದುಃಖದ ಅಳತೆಯನ್ನು ಹೊರಗಿನವರು ಗೊತ್ತು ಮಾಡಲಾರರು ಎಂದು ಈ ಪುಸ್ತಕಗಳು ಕಲಿಸುತ್ತವೆ, ಅದೂ ಉಪದೇಶವಿಲ್ಲದೆ, ಭಜಿಯ ಜೊತೆ.

ಇನ್ನೊಂದು ಗುಟ್ಟೂ ಇದೆ. ಹದಿನೈದಕ್ಕೂ ಎಪ್ಪತ್ತಕ್ಕೂ ಬೀಗತನವಿದೆ. ಇಬ್ಬರ ಮೈಯೂ ಯಾರ ಅಪ್ಪಣೆಯನ್ನೂ ಕೇಳದೆ ಬದಲಾಗುತ್ತಿರುತ್ತದೆ. ಇಬ್ಬರೂ ಹೊರಗೆ ಹೊರಟರೆ ಎಲ್ಲಿಗೆ, ಯಾಕೆ, ಯಾವಾಗ ಬರುವುದು ಎಂದು ಮನೆಯವರಿಗೆ ಹೇಳಿ ಹೋಗಬೇಕು. "ಈ ವಯಸ್ಸಿನಾಗ ಇದೆಲ್ಲ ಬೇಕೇನು?" ಎಂಬ ಮಾತನ್ನು ನನ್ನ ಮಗ ದಿನಕ್ಕೊಮ್ಮೆ ಅನ್ನುತ್ತಾನೆ, ಒಮ್ಮೊಮ್ಮೆ ಅದು ನನಗೋ ಪಲ್ಲವಿಗೋ ತಿಳಿಯದೆ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸುತ್ತೇವೆ.

ನಮ್ಮ ಕಡೆ ಹುಡುಗಿಗೆ ಈ ನಡುವಿನ ಕಾಲವೇ ಇರಲಿಲ್ಲ. ಹುಡುಗನಿಗೆ ಮೀಸೆ ಬಂದರೂ ಆತ ಹುಡುಗನೇ. ಹುಡುಗಿ ಮಾತ್ರ ಒಂದು ಮುಂಜಾನೆ ಎದ್ದವಳು "ದೊಡ್ಡಾಕಿ ಆದಳು". ಆಕೆ ದೊಡ್ಡಾಕಿ ಆದ ದಿನದಿಂದ ಉಳಿದದ್ದೆಲ್ಲ ಆಕೆಗೆ ಸಣ್ಣದಾಗುತ್ತಿತ್ತು: ಅಂಗಳ ಸಣ್ಣದು, ದನಿ ಸಣ್ಣದು, ನಗು ಸಣ್ಣದು. ಹುಡುಗಿ ಎಂಬ ಊರಲ್ಲಿ ಹತ್ತಿದರೆ ದೊಡ್ಡಾಕಿ ಎಂಬ ಊರಲ್ಲೇ ಇಳಿಯಬೇಕು, ನಡುವೆ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಗಾಡಿ ಅದು. ಈ ಕಾದಂಬರಿಗಳೋ, ಹೊಲದ ಬದುವಿನಲ್ಲಿ ಒಬ್ಬಳು ಕೈ ಮಾಡಿದರೂ ನಿಲ್ಲುವ ಗಾಡಿಗಳು.

ಇಷ್ಟು ಹೇಳಿಕೊಂಡವನು ಅಂಥ ಒಂದು ಪುಸ್ತಕಕ್ಕೆ ಪಿನ್ನು ಹೊಡೆದೆ. ಹೇಳಬೇಕಾದದ್ದು ಇದನ್ನೇ, ಇಷ್ಟು ಹೊತ್ತು ಸುತ್ತುಹಾದಿ ಹಿಡಿದದ್ದು ಹೆದರಿಕೆಯಿಂದ.

ಪಲ್ಲವಿಗೆ ಪರೀಕ್ಷೆ ಇದ್ದುದರಿಂದ ಆ ಸಲ ಪುಸ್ತಕ ಮೊದಲು ನನ್ನ ಕೈಗೆ ಬಂತು. ಚಾರು ಎಂಬ ಹುಡುಗಿಯ ಕಥೆ. ಹಳ್ಳಿಯಿಂದ ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗಿ ಬರುವವಳು, ಮೂಗಿನ ಮೇಲೆ ಸಿಟ್ಟು, ಲೆಕ್ಕದಲ್ಲಿ ಹಿಂದೆ, ಕಬಡ್ಡಿಯಲ್ಲಿ ಮುಂದೆ. ಓದುತ್ತ ಓದುತ್ತ ನಡುವೆ ಎರಡು ಪುಟ ಬಂದವು. ಶಾಲೆ ಬಿಟ್ಟು ಬಸ್ಸಿನಲ್ಲಿ ನಿಂತಿರುವಾಗ ಚಾರುವಿಗೆ ತಿಂಗಳ ದಿನ ಬಂದುಬಿಡುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಹೆಸರಿಟ್ಟು ಕರೆಯುವುದಿಲ್ಲ. "ಹೊರಗಿದ್ದಾಳೆ" ಎನ್ನುತ್ತೇವೆ, ಆಕೆ ಮನೆಯೊಳಗಿನ ಮೂಲೆಯಲ್ಲೇ ಕೂತಿದ್ದರೂ. ಪುಸ್ತಕದಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಇತ್ತು, ಕಲೆ ಮುಚ್ಚಲು ಹಿಂದಕ್ಕೆ ತಿರುಗಿಸಿ ಹಿಡಿದ ದಪ್ಪತರದ ಚೀಲ, ಬೆವರು. ಆಕೆ ಊರ ಹೊರಗಿನ ಅಂಗಡಿಯ ಹತ್ತಿರ ಒಂದು ಗಳಿಗೆ ಬಸ್ಸು ನಿಲ್ಲಿಸಿ ಎಂದು ಕಂಡಕ್ಟರನನ್ನು ಸಣ್ಣ ದನಿಯಲ್ಲಿ ಕೇಳುತ್ತಾಳೆ. ಆತ ದೊಡ್ಡ ದನಿಯಲ್ಲಿ ಬಯ್ಯುತ್ತಾನೆ. ಬಸ್ಸಿನ ಎಲ್ಲ ತಲೆಗಳೂ ಆಕೆಯ ಕಡೆ ತಿರುಗುತ್ತವೆ.

ಪುಸ್ತಕ ಮಡಚಿದೆ. ಮತ್ತೆ ತೆರೆದೆ. ಪಲ್ಲವಿಯ ದಪ್ಪತರದಲ್ಲಿ ಶಾಲೆಯ ಪ್ರಾಜೆಕ್ಟಿಗೆಂದು ಇಟ್ಟುಕೊಂಡ ಸ್ಟೇಪ್ಲರ್ ಇತ್ತು. ಎದುರುಬದುರಿನ ಆ ಎರಡು ಪುಟಗಳನ್ನು ಒಂದಕ್ಕೊಂದು ಸೇರಿಸಿ, ಮೇಲೆ, ಕೆಳಗೆ, ನಡುವೆ ಪಿನ್ನು ಹೊಡೆದೆ. ಸರ್ವೀಸಿನುದ್ದಕ್ಕೂ ಟಿಕೆಟ್ಟಿಗೆ ತೂತು ಹೊಡೆದ ಕೈ, ಗುರಿ ತಪ್ಪಲಿಲ್ಲ. ಹುಡುಗಿಯರು ಓದುವಂಥದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪಲ್ಲವಿಗೆ ತಿಂಗಳಿಗೊಮ್ಮೆ ಬರುವುದನ್ನು ಪುಟದಲ್ಲಿ ಬಾರದಂತೆ ತಡೆದ ಮಹಾನುಭಾವ ಸೇಡಂ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ನಡೆದದ್ದನ್ನು ಸುಭದ್ರಾಳ ಬಾಯಿಂದ ಕೇಳಿದೆ. ಪುಸ್ತಕ ಪಲ್ಲವಿಯಿಂದ ಅಂಬಿಕಾ ಎಂಬ ಹುಡುಗಿಗೆ ಹೋಗಿತ್ತು, ಕುರಕುಂಟಾದಿಂದ ಬಸ್ಸಿನಲ್ಲಿ ಬರುವವಳು, ಪಲ್ಲವಿಯದೇ ಕ್ಲಾಸು. ಆಕೆ ಪಿನ್ನು ಎಳೆಯುವಾಗ ಒಂದು ಪುಟ ಅರ್ಧಕ್ಕೆ ಹರಿಯಿತು. ಇಂಥ ಪುಸ್ತಕ ಹುಡುಗಿಯರ ಕೈಗೆ ಯಾಕೆ ಕೊಡುತ್ತೀರಿ ಎಂದು ಒಬ್ಬಳ ಅಪ್ಪ ಮೊದಲೇ ಬಂದು ಕೂಗಾಡಿ ಹೋಗಿದ್ದನಂತೆ. ಈಗ ಪಿನ್ನು ನೋಡಿ ಫರ್ಜಾನಾ ಮೇಡಂ ಸೋತುಹೋದರು. ಮನೆಯವರಿಗೇ ಬೇಡವಾದರೆ ನಾನೊಬ್ಬಳು ಯಾರ್ಯಾರ ಜೊತೆ ಜಗಳಾಡಲಿ, ಈ ರವಿವಾರ ಕೂಡೋಣ, ಆಮೇಲೆ ಕಪಾಟಿಗೆ ಬೀಗ ಹಾಕಿ ಪುಸ್ತಕಗಳನ್ನು ಬೇರೆ ಕಡೆ ಕಳಿಸಿಬಿಡುತ್ತೇನೆ ಎಂದರಂತೆ. ಅಷ್ಟರಲ್ಲಿ ಪಲ್ಲವಿ ಎದ್ದು ನಿಂತು, ಪಿನ್ನು ನಾನೇ ಹೊಡೆದದ್ದು, ಕೈತಪ್ಪಿ ಆಯಿತು ಎಂದಳಂತೆ. ಮೂರು ಪಿನ್ನು ಕೈತಪ್ಪಿ ಹೇಗೆ ಬೀಳುತ್ತವೆ ಎಂದು ಮೇಡಂ ಕೇಳಿದರಂತೆ. ಹುಡುಗಿಯರು ಆಕೆಯ ಜೊತೆ ಮಾತು ಬಿಟ್ಟರು.

"ಪಾಪ, ಕೂಸು ಹಿತ್ತಲದಾಗ ಕೂತು ಅಳಾಕತ್ತದ," ಎಂದಳು ಸುಭದ್ರಾ, "ಪಿನ್ ಹೊಡಿಯೋ ಕೈ ಯಾವುದಂತ ನನಗೂ ಗೊತ್ತದ, ಆಕಿಗೂ ಗೊತ್ತದ."

ನನ್ನ ಕುರ್ಚಿಯ ಮೇಲೆ ಆ ವಾರ ಯಾವ ಪುಸ್ತಕವೂ ಬರಲಿಲ್ಲ. ಪಲ್ಲವಿ ನನಗೆ ಬಯ್ಯಲಿಲ್ಲ, ಸಿಟ್ಟು ಮಾಡಲಿಲ್ಲ. ಊಟಕ್ಕೆ ಕರೆಯುವಾಗ "ಅಜ್ಜಾ" ಎಂಬುದನ್ನು ಮಾತ್ರ ಬಿಟ್ಟು, "ತಾಟು ಹಾಕ್ಯದ" ಎಂದಷ್ಟೇ ಗೋಡೆಗೆ ಹೇಳಿ ಹೋಗುತ್ತಿದ್ದಳು. ಹುಡುಗಿಯರ ಮೌನ ಏನೆಂಬುದನ್ನು ಕಾದಂಬರಿಗಳಲ್ಲಿ ಬೇಕಾದಷ್ಟು ಓದಿದ್ದೆ. ಓದುವುದು ಬೇರೆ, ಅದರ ಎದುರು ಕೂತು ಅನ್ನ ಕಲಸುವುದು ಬೇರೆ.

ರವಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದೆ. ಹುಡುಗಿಯರು ದುಂಡಗೆ ಕೂತಿದ್ದರು, ಪಲ್ಲವಿ ತುಸು ದೂರದಲ್ಲಿ ಕಂಬಕ್ಕೆ ಒರಗಿದ್ದಳು. ಕಪಾಟಿನ ಅರ್ಧ ಪುಸ್ತಕಗಳು ಆಗಲೇ ಕೆಳಗಿಳಿದಿದ್ದವು.

"ಬರ್ರಿ ಅಜ್ಜಾರ, ಕುಂದ್ರಿ. ಪಲ್ಲವೀನ ಕರಕೊಂಡು ಹೋಗಾಕ ಬಂದೀರೇನು?" ಎಂದರು ಫರ್ಜಾನಾ ಮೇಡಂ.

"ಇಲ್ರಿ. ಪಿನ್ನು ನಾ ಹೊಡದೀನಿ," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆಯೆಲ್ಲ ಎಲ್ಲೋ ಇಳಿದುಹೋಗಿತ್ತು.

ಮೇಡಂ ಕುರ್ಚಿ ಎಳೆದು ಕೊಟ್ಟರು. ಯಾಕೆಂದು ಕೇಳಿದವಳು ಅಂಬಿಕಾ. ಹುಡುಗಿಯರು ಓದುವಂಥದ್ದಲ್ಲ ಅನಿಸಿತು ಎಂದೆ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ನಗು ತಡೆಯಲು ಓಢಣಿಯ ಸೆರಗು ಬಾಯಿಗೆ ಹಿಡಿದರು.

"ಅಜ್ಜಾರ, ಅದನ್ನ ನಾವು ಓದಬಾರದಂದ್ರ ಮತ್ತ ಯಾರು ಓದಬೇಕ್ರಿ, ನೀವಾ?" ಎಂದಳು ಅಂಬಿಕಾ. ಹರಿದ ಪುಟಕ್ಕೆ ಟೇಪು ಹಚ್ಚಿದ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಹಂಗಿದ್ರ ನೀವೇ ಓದ್ರಿ. ಎಲ್ಲರಿಗೂ ಕೇಳಸೂ ಹಂಗ."

ಹಿರಿಯರ ಜೊತೆ ಹಾಗೆ ಮಾತಾಡಬಾರದು ಎಂದು ಮೇಡಂ ಗದರಿದರು. ಇರಲಿ ಬಿಡ್ರಿ ಎಂದು ಕನ್ನಡಕ ಏರಿಸಿಕೊಂಡೆ.

ಓದಿದೆ. ಮೊದಲ ಸಾಲುಗಳಲ್ಲಿ ಕೆಲವು ಶಬ್ದಗಳ ಮುಂದೆ ಹಳ್ಳದ ಮುಂದೆ ಎತ್ತು ನಿಂತಂತೆ ನಿಂತೆ, ಆದರೂ ದಾಟಿದೆ. ಚಾರು ಸೀಟಿನ ಕಂಬಿ ಹಿಡಿದು ಮುಂದೆ ಬಂದಳು, ಸಣ್ಣ ದನಿಯಲ್ಲಿ ಕೇಳಿದಳು. ಇನ್ನು ಕಂಡಕ್ಟರನ ಸರದಿ. ಪುಸ್ತಕದಲ್ಲಿ ಆತನ ಮಾತು ಗ್ರಂಥದ ಕನ್ನಡದಲ್ಲಿ ನೆಟ್ಟಗೆ ಅಚ್ಚಾಗಿತ್ತು: ಎಲ್ಲೆಂದರಲ್ಲಿ ನಿಲ್ಲಿಸಲು ಆಗುವುದಿಲ್ಲ, ಸುಮ್ಮನೆ ನಿಲ್ಲು. ನಾನು ಅದನ್ನೇ ಓದಲು ಬಾಯಿ ತೆರೆದೆ; ಬಾಯಿಂದ ಬಂದದ್ದು ಬೇರೆ.

"ಎಲ್ಲಿ ಬೇಕಲ್ಲಿ ನಿಂದ್ರಸಲಾಕ ನಿಮ್ಮಪ್ಪನ ಗಾಡಿ ಅದ ಏನು? ಪಾಸಿನವು ಹಿಂದ ಸರೀರಿ!"

ಗ್ರಂಥಾಲಯದ ಗೋಡೆಗೆ ಬಡಿದು ಬಂತು ಆ ದನಿ. ಎಷ್ಟೋ ವರ್ಷಗಳಿಂದ ಒಳಗೆ ಮಲಗಿದ್ದ ದನಿ, ತುಕ್ಕು ಹಿಡಿದಿರಲಿಲ್ಲ. ಹುಡುಗಿಯರು ಕಿಸಕ್ಕೆಂದು ನಕ್ಕರು, ಖರೇ ಕಂಡಕ್ಟರ್ ಹಂಗೇ ಅಂದ್ರು ನೋಡ್ರೇ ಎಂದಳು ಒಬ್ಬಳು. ಪಲ್ಲವಿ ಮಾತ್ರ ಕಂಬ ಬಿಟ್ಟು ಎದ್ದು ಬಂದು ನನ್ನ ಹೆಗಲ ಮೇಲಿನಿಂದ ಪುಟ ನೋಡಿದಳು.

"ಅಜ್ಜಾ, ಇಲ್ಲಿ ಹಂಗ ಬರದಿಲ್ಲ."

"ಗೊತ್ತದವಾ. ಅದು ನಾ ಅಂದದ್ದು."

ನಗು ನಿಂತಿತು. ಆಗ ಹೇಳಿದೆ, ನಿಮಗೂ ಹೇಳುತ್ತಿದ್ದೇನೆ. ಶಾಲೆಯ ಹುಡುಗಿಯರು ಬಸ್ ಪಾಸಿನ ಮೇಲೆ ಬರುತ್ತಿದ್ದರು. ಅವರಿಂದ ದುಡ್ಡಿನ ಗಲ್ಲೆಗೆ ಬಿಡಿಗಾಸು ಬರುತ್ತಿರಲಿಲ್ಲ, ಹೊರೆ ಮಾತ್ರ. ನಮ್ಮ ಬಾಯಲ್ಲಿ ಅವರು ಹುಡುಗಿಯರಾಗಿರಲಿಲ್ಲ, "ಪಾಸು". ಡ್ರೈವರನಿಗೆ ನಾನು "ಎಂಟು ಪಾಸು ಹತ್ಯಾವ, ಹೊಡೀರಿ" ಎನ್ನುತ್ತಿದ್ದೆ. ಹತ್ಯಾರ ಅಲ್ಲ, ಹತ್ಯಾವ. ಕುರಿ ಹತ್ತಿದಂತೆ, ಚೀಲ ಹತ್ತಿದಂತೆ. ನಡುದಾರಿಯಲ್ಲಿ ನಿಲ್ಲಿಸಿ ಎಂದು ಎಷ್ಟು ಜನ ಕೇಳಿದ್ದರೋ, ಯಾಕೆ ಕೇಳಿದ್ದರೋ, ಒಂದು ಸಲವೂ ನಾನು ಯೋಚಿಸಲಿಲ್ಲ. ತಪ್ಪು ಒಪ್ಪಿಕೊಳ್ಳಬೇಕೆಂದರೆ ಎದುರಿಗೊಂದು ಮುಖ ಬೇಕು. ನನಗೆ ಒಂದು ಮುಖವೂ ನೆನಪಿಲ್ಲ, ಯಾಕೆಂದರೆ ನಾನು ಯಾವ ಮುಖವನ್ನೂ ನೋಡಿರಲಿಲ್ಲ, ಪಾಸಿನ ಮೇಲಿನ ಫೋಟೋ ನೋಡಿದ್ದೆ. ಚಾರುವಿನ ಕಥೆ ಓದುತ್ತಿದ್ದಾಗ ಆ ಬಸ್ಸಿನಲ್ಲಿ ನಾನು ಚಾರುವಿನ ಜೊತೆ ನಿಂತಿದ್ದೇನೆ ಎಂದುಕೊಂಡಿದ್ದೆ. ಪುಟ ತಿರುವಿದರೆ, ಎದುರಿಗೆ ದುಡ್ಡಿನ ಚೀಲ ಹಾಕಿಕೊಂಡು ನಿಂತವನು ನಾನೇ. ಹುಡುಗಿಯರು ಓದಬಾರದೆಂದು ನಾನು ಮುಚ್ಚಿದ್ದು ಅವರ ಗುಟ್ಟನ್ನಲ್ಲ, ನನ್ನದನ್ನು. ಪಲ್ಲವಿ ಆ ಕಂಡಕ್ಟರನನ್ನು ಓದಿ ತಲೆಯೆತ್ತಿ ನನ್ನ ಕಡೆ ನೋಡಿಬಿಟ್ಟರೆ ಎಂಬ ಭಯ.

ಅಂಬಿಕಾ, ತನ್ನ ಬಸ್ಸಿನ ನೆನಪಾಯಿತೋ ಏನೋ, "ಈಗೂ ಹಂಗೇ ಅಂತಾರ್ರಿ ಅಜ್ಜಾರ," ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಆಮೇಲೆ, ಮೆಟ್ರಿಕ್ಕಿನಲ್ಲಿ ನಪಾಸಾದರೂ ನಾವು ಪಾಸೇ ಅಂದಂಗಾತು ಎಂದು ತಾನೇ ನಕ್ಕಳು, ಉಳಿದವರೂ ನಕ್ಕರು.

ಫರ್ಜಾನಾ ಮೇಡಂ ಕೆಳಗಿಳಿಸಿದ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಕಪಾಟಿಗೆ ಏರಿಸತೊಡಗಿದರು. ಇನ್ನು ಮುಂದೆ ಯಾರ ಅಪ್ಪ ಬಂದು ಕೂಗಿದರೂ ಅವರನ್ನು ಅಜ್ಜಾರ ಹತ್ತಿರ ಕಳಿಸುತ್ತೇನೆ, ಅವರು ತಮ್ಮ ಬಸ್ಸಿನ ದನಿಯಲ್ಲಿ ಉತ್ತರ ಕೊಡಲಿ ಎಂದರು. ಅದನ್ನು ಶಿಕ್ಷೆ ಎಂದುಕೊಂಡೇ ಒಪ್ಪಿದೆ. ಆಮೇಲೆ ಒಬ್ಬ ಅಪ್ಪ ಬಂದು ಹೋಗಿದ್ದಾನೆ. ದನಿಯ ಅಗತ್ಯ ಬೀಳಲಿಲ್ಲ, ಪುಸ್ತಕ ಒಯ್ದು ಓದಿ ಆಮೇಲೆ ಜಗಳಕ್ಕೆ ಬರ್ರಿ ಎಂದೆ, ಒಯ್ದಿದ್ದಾನೆ.

ಮನೆಯ ದಾರಿಯಲ್ಲಿ ಪಲ್ಲವಿ, ಚಾರುವಿನ ಪುಸ್ತಕ ಹಿಡಿದು, ನನ್ನ ಪಕ್ಕದಲ್ಲೇ ನಡೆದಳು. ಓಣಿಯ ತಿರುವಿನಲ್ಲಿ, ನನ್ನ ಮುಖ ನೋಡದೆ, ಆ ಪುಟ ನಾ ಅವತ್ತೇ ಓದಿದ್ನಿ ಅಜ್ಜಾ ಎಂದಳು. ಪಿನ್ನು ಮೆಲ್ಲಗೆ ಬಿಚ್ಚಿ, ಓದಿ, ಅದೇ ಪಿನ್ನನ್ನು ಅದೇ ತೂತಿನೊಳಗೆ ಮತ್ತೆ ಕೂಡಿಸಿ ಬೆರಳಿನಿಂದ ಮಡಚಿದ್ದಳಂತೆ. ಯಾಕೆಂದು ಕೇಳಿದೆ.

"ನೀ ಪಾಪ, ಅಷ್ಟು ನೆಟ್ಟಗ ಹೊಡದಿದ್ದಿ," ಎಂದಳು.

ಸುಭದ್ರಾ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು, ಕಣ್ಣಿನಿಂದಲ್ಲ, ಬೆರಳಿನಿಂದ ಹರಳು ಹುಡುಕುತ್ತಿದ್ದಳು. ಎರಡೂ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದು ಆಕೆಗೆ ಅಕ್ಷರ ಕಾಣುವುದಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅಂಥಾದ್ದೇನದ ಆ ಪುಟದಾಗ, ನನಗೂ ಓದಿ ಹೇಳ್ರಿ ಎಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಆಕೆಗೆ ಓದಿ ಹೇಳಿದ್ದೆಂದರೆ ಪಂಚಾಂಗ ಮತ್ತು ಕರೆಂಟ್ ಬಿಲ್ಲು. ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಓದತೊಡಗಿದೆ. ಕಂಡಕ್ಟರನ ಮಾತನ್ನು ಈ ಸಲ ಪುಸ್ತಕದಲ್ಲಿದ್ದಂತೆಯೇ ಓದಿದೆ. ಆಕೆಗೆ ಅಷ್ಟೇ ಸಾಕಾಯಿತು. ಬೇಳೆಯೊಳಗಿನ ಬೆರಳು ನಿಂತವು.

"ಎಷ್ಟು ವಯಸ್ಸು ಆಕಿಗೆ?"

ಹದಿನೈದು ಎಂದೆ.

"ನಾ ನಿಮ್ಮ ಮನಿಗೆ ಬಂದಾಗಿನಷ್ಟು," ಎಂದಳು. ಮತ್ತೆ ಕೇಳಿದಳು, "ಮುಂದೇನಾತು? ಬಸ್ಸು ನಿಂತಿತೇನು?"

ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ.

"ಹೇಳಬ್ಯಾಡ್ರಿ," ಎಂದು ಸುಭದ್ರಾ ಮೊರವನ್ನು ಆಚೆ ಸರಿಸಿದಳು. "ಓದ್ರಿ."